ಬದುವಿನ ಕೆಳಗಿನ ಬದುಕು

ವಿಜಯಪುರ ನಗರದ ಜಲನಗರ ಬಡಾವಣೆಯ ಮನೆಗಳನ್ನು ಹಿಂದೆ ಬಿಟ್ಟು, ಅಥಣಿಯ ದಾರಿಯಲ್ಲಿ ತಿಕೋಟಾದ ಕಡೆಗಾಗಲಿ, ಜಮಖಂಡಿಯ ದಾರಿಯಲ್ಲಿ ಬಬಲೇಶ್ವರದ ಕಡೆಗಾಗಲಿ ವೈಶಾಖಮಾಸದಲ್ಲಿ ಹೊರಟ ಪ್ರಯಾಣಿಕನಿಗೆ, ನೀರಾವರಿಯ ತೋಟಗಳನ್ನು ಬಿಟ್ಟರೆ, ಕಾಣುವುದು ಬಯಲೇ ಬಯಲು. ಸುಗ್ಗಿ ಮುಗಿದು ಎಷ್ಟೋ ದಿನಗಳಾಗಿರುತ್ತವೆ. ಜೋಳದ ಕೂಳೆಗಳೂ ಕಿತ್ತುಹೋಗಿರುತ್ತವೆ. ಎರೆಹೊಲ ಬಿಸಿಲಿಗೆ ಬಿರಿದು ಬಾಯ್ದೆರೆದಿರುತ್ತದೆ. ಆ ಬಿರುಕಿನೊಳಗೆ ಕೈಯಿಳಿಸಿದರೆ ಮೊಳಕೈಯವರೆಗೂ ಇಳಿಯುವುದುಂಟು. ಈ ಕಪ್ಪು ವಿಸ್ತಾರದ ನಡುವೆ ಕಣ್ಣಿಗೆ ತಂಪೆನಿಸುವುದು ಹೊಲಹೊಲಗಳ ನಡುವೆ ಎಳೆದ ಗೆರೆಗಳಂತಿರುವ ಬದುಗಳು ಮಾತ್ರ. ಅಲ್ಲೊಂದು ಬೇವು, ಇಲ್ಲೊಂದು ಬನ್ನಿ, ನಡುನಡುವೆ ಜಾಲಿ, ಬಾರಿ, ತಂಗಡಿ, ಲಕ್ಕಿ. ಕೆಲವೆಡೆ ಸಾಲಾಗಿ ನಿಂತ ಕಳ್ಳಿ, ಕತ್ತಾಳೆ. ಇವುಗಳ ಬುಡದಲ್ಲಿ ಎಂಥ ಬೇಸಗೆಯಲ್ಲೂ ಬೇರು ಬಿಡದ ಕರಿಕೆ.

ದಾರಿಹೋಕನು ಈ ಹಸುರುಗೆರೆಯನ್ನು ನೆರಳಿಗಾಗಿ ನೆನೆಯುತ್ತಾನೆ. ಕುರಿ ಕಾಯುವವನು ಸೊಪ್ಪಿಗಾಗಿ ನೆನೆಯುತ್ತಾನೆ. ಆದರೆ ಆ ಗಿಡಗಳ ಕೆಳಗೆ, ಮಣ್ಣಿನ ಕತ್ತಲೆಯಲ್ಲಿ, ಅವುಗಳನ್ನೇ ನಂಬಿ ಉಸಿರು ಹಿಡಿದುಕೊಂಡಿರುವ ಇನ್ನೊಂದು ಲೋಕವಿದೆ. ಮುಂದಿನ ಹಿಂಗಾರಿಯಲ್ಲಿ ಪಕ್ಕದ ಹೊಲದಲ್ಲಿ ಮೊಳೆಯಲಿರುವ ಬಿಳಿಜೋಳದ ಯೋಗಕ್ಷೇಮಕ್ಕೂ ಆ ಲೋಕಕ್ಕೂ ಸಂಬಂಧವುಂಟು.

ಈ ಸೀಮೆಯ ಒಕ್ಕಲಿಗನಿಗೆ ಬದು ಹೊಸದಲ್ಲ. ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ ನಾಡು ಇದು. ಬಿದ್ದ ಮಳೆಯೂ ಕೆಲವೇ ದಿನಗಳಲ್ಲಿ ಒಮ್ಮೆಲೇ ಸುರಿದು ಹೊಲದ ಮೇಲ್ಮಣ್ಣನ್ನು ಡೋಣಿ ನದಿಗೆ ಹೊತ್ತೊಯ್ಯುವುದು ವಾಡಿಕೆ. ಆದುದರಿಂದ ನೀರಿಗೆ ಅಡ್ಡಲಾಗಿ ಒಡ್ಡು ಹಾಕುವುದನ್ನು ಹಿರಿಯರು ತಾವಾಗಿಯೇ ಕಲಿತಿದ್ದರು. 1930ರ ದಶಕದಲ್ಲಿ ಬಿಜಾಪುರದಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರವೊಂದು ಸ್ಥಾಪಿತವಾಯಿತು. 1942-43ರ ಬರಗಾಲದಲ್ಲಿ ಒಡ್ಡು ಹಾಕುವ ಕೆಲಸವೇ ಹಸಿದವರ ಕೂಲಿಗೂ ದಾರಿಯಾಯಿತು. 1970ರಲ್ಲಿ ಅಖಿಲ ಭಾರತ ಮಟ್ಟದಲ್ಲಿ ಒಣಬೇಸಾಯದ ಸಮನ್ವಿತ ಸಂಶೋಧನಾ ಯೋಜನೆ ಆರಂಭವಾದ ಮೇಲೆ ಬಿಜಾಪುರವೂ ಅದರ ಕೇಂದ್ರಗಳಲ್ಲೊಂದಾಗಿ, ಹೊಲವನ್ನು ಚೌಕುಮಡಿಗಳಾಗಿ ವಿಂಗಡಿಸಿ ಮಳೆನೀರನ್ನು ಬಿದ್ದಲ್ಲಿಯೇ ಇಂಗಿಸುವ ಕ್ರಮವನ್ನು ಪ್ರಚಾರಕ್ಕೆ ತಂದಿತು. ಇವೆಲ್ಲವುಗಳ ಉದ್ದೇಶ ನೀರು ಮತ್ತು ಮಣ್ಣು. ಒಡ್ಡಿನ ಮೇಲೆ ತಾನಾಗಿ ಹುಟ್ಟಿದ ಗಿಡಗಂಟಿಗಳ ಬೇರಿನ ಕೆಳಗೆ ಏನಿದೆಯೆಂಬುದನ್ನು ಆಗ ಯಾರೂ ಎಣಿಕೆಗೆ ತೆಗೆದುಕೊಂಡಿರಲಿಲ್ಲ.

ಬದುಗಳು ಕಿರಿದಾಗುತ್ತ ಬಂದುದು ಅನಂತರದ ಮಾತು. ತಂದೆಯ ಹೊಲ ಮಕ್ಕಳಲ್ಲಿ ಹಂಚಿಹೋದಂತೆ ಒಂದೊಂದು ಗೇಣು ನೆಲಕ್ಕೂ ಬೆಲೆ ಬಂದಿತು. ರಂಟೆ ಹೊಡೆಯುವಾಗ ಪ್ರತಿವರ್ಷ ನಾಲ್ಕು ಬೆರಳಿನಷ್ಟು ಬದುವನ್ನು ಒಳಗೆ ಸೇರಿಸಿಕೊಳ್ಳುವುದು, ಅದರಿಂದ ನೆರೆಹೊರೆಯಲ್ಲಿ ವ್ಯಾಜ್ಯ ಹುಟ್ಟುವುದು ಹಳ್ಳಿಗಳಲ್ಲಿ ಅಪರೂಪವಲ್ಲ. ಟ್ರ್ಯಾಕ್ಟರು ತಿರುಗುವುದಕ್ಕೆ ಗಿಡ ಅಡ್ಡಿಯಾಯಿತು. ಬೇಲಿಯ ಮುಳ್ಳಿನ ಬದಲು ಮುಳ್ಳುತಂತಿ ಬಂದಿತು, ತಂತಿಗೆ ಬೇರಿಲ್ಲ. ಹೀಗೆ ಹಲವೆಡೆ ಹಸುರುಗೆರೆ ಅಳಿಸಿಹೋಗಿ, ಒಂದು ಹೊಲದ ಕಪ್ಪು ಇನ್ನೊಂದು ಹೊಲದ ಕಪ್ಪಿನೊಡನೆ ಕೂಡಿಕೊಂಡಿತು.

ಶಿಲೀಂಧ್ರವೆಂಬ ಹೆಸರನ್ನು ಕೇಳಿದೊಡನೆ ರೈತನು ಹುಬ್ಬು ಗಂಟಿಕ್ಕುವುದು ಸಹಜ. ತಿಕೋಟಾ ಸೀಮೆಯ ದ್ರಾಕ್ಷಿ ಬೆಳೆಗಾರನಿಗೆ ಅದು ಎಲೆಯ ಮೇಲೆ ಬಿಳಿಪುಡಿ ಚೆಲ್ಲುವ ಬೂದಿರೋಗ. ಜೋಳ ಬೆಳೆಯುವವನಿಗೆ ತೆನೆಯ ಕಾಳನ್ನೇ ಕರಿಪುಡಿಯಾಗಿಸುವ ಕಾಡಿಗೆ ರೋಗ. ವೈರಿಯೆಂದೇ ಅದರ ಪರಿಚಯ. ಆದರೆ ಅದೇ ದ್ರಾಕ್ಷಿಯ ಬೇರಿನಲ್ಲಿ, ಅದೇ ಜೋಳದ ಬೇರಿನಲ್ಲಿ, ಬೇರೊಂದು ಕುಲದ ಶಿಲೀಂಧ್ರ ಮನೆಮಾಡಿಕೊಂಡು ಗಿಡಕ್ಕೆ ಅನ್ನ ಒದಗಿಸುತ್ತಿರುತ್ತದೆಂಬುದು ಬರಿಗಣ್ಣಿಗೆ ತೋರದ ಸಂಗತಿ.

ಇದು ಬೆಳಕಿಗೆ ಬಂದ ಬಗೆಯೂ ಸ್ವಾರಸ್ಯವಾಗಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಪ್ರಷ್ಯದ ಸರಕಾರವು ಮಣ್ಣಿನೊಳಗೆ ಬೆಳೆಯುವ, ಶ್ರೀಮಂತರ ಊಟದ ಮೇಜಿಗೆ ಪ್ರಿಯವಾದ ಟ್ರಫಲ್ ಎಂಬ ಅಣಬೆಯನ್ನು ಬೇಸಾಯ ಮಾಡಬಹುದೇ ಎಂದು ಪರಿಶೀಲಿಸಲು ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ ಎಂಬ ಸಸ್ಯವಿಜ್ಞಾನಿಗೆ ಒಪ್ಪಿಸಿತು. ಅಣಬೆಯ ಬೇಸಾಯ ಅವನಿಗೆ ಕೈಗೂಡಲಿಲ್ಲ. ಆದರೆ ಮರದ ಎಳೆಬೇರುಗಳನ್ನು ಶಿಲೀಂಧ್ರದ ಎಳೆಗಳು ಸುತ್ತಿಕೊಂಡಿರುವುದನ್ನೂ, ಇದರಿಂದ ಮರಕ್ಕೆ ಕೇಡಿಗೆ ಬದಲು ಲಾಭವೇ ಆಗುವುದನ್ನೂ ಅವನು ಕಂಡನು. 1885ರಲ್ಲಿ ಈ ಜೋಡಿಗೆ ಗ್ರೀಕ್ ಭಾಷೆಯ ಎರಡು ಮಾತುಗಳನ್ನು ಕೂಡಿಸಿ 'ಮೈಕೊರೈಜಾ' ಎಂದು ಹೆಸರಿಟ್ಟನು. ಶಿಲೀಂಧ್ರಬೇರು ಎಂಬುದು ಅದರ ಅರ್ಥ. ಮರಗಳ ಬೇರಿನ ಹೊರಗೆ ಸುತ್ತಿಕೊಳ್ಳುವ ಬಗೆಯನ್ನು ಫ್ರಾಂಕ್ ಕಂಡನು. ಬೆಳೆಗಳಲ್ಲಿ ಹೆಚ್ಚಾಗಿರುವುದು ಬೇರಿನ ಒಳಕ್ಕೇ ಹೊಕ್ಕು, ಜೀವಕೋಶದೊಳಗೆ ಪುಟ್ಟ ಗಿಡದಂತೆ ಕವಲೊಡೆಯುವ ಇನ್ನೊಂದು ಬಗೆ. ನೆಲದ ಮೇಲಿನ ಸಸ್ಯಜಾತಿಗಳಲ್ಲಿ ಮೂರರಲ್ಲೆರಡಕ್ಕೂ ಹೆಚ್ಚು ಜಾತಿಗಳು ಈ ಎರಡನೆಯ ಬಗೆಯ ಸಖ್ಯವನ್ನು ಮಾಡಿಕೊಂಡಿವೆ. ಬಿಳಿಜೋಳ, ಕಡಲೆ, ತೊಗರಿ, ಸೂರ್ಯಕಾಂತಿ, ಹತ್ತಿ ಇವೆಲ್ಲ ಆ ಗುಂಪಿನವು. ಬದುವಿನ ಬೇವು, ಹುಣಸೆ, ಬಾರಿ, ಹೊಂಗೆಗಳೂ ಅದೇ ಗುಂಪಿನವು. ಸಾಸಿವೆ, ಕೋಸುಗಳ ಕುಟುಂಬ ಮಾತ್ರ ಈ ನಂಟಿನಿಂದ ದೂರ ಉಳಿದಿದೆ.

ಈ ಸಖ್ಯದ ವ್ಯವಹಾರ ಬಲು ಸರಳ. ಗಿಡವು ಬಿಸಿಲಿನಿಂದ ತಯಾರಿಸಿದ ಸಕ್ಕರೆ, ಕೊಬ್ಬುಗಳ ಒಂದು ಪಾಲನ್ನು ಶಿಲೀಂಧ್ರಕ್ಕೆ ಕೊಡುತ್ತದೆ. ಶಿಲೀಂಧ್ರವು ಮಣ್ಣಿನಿಂದ ರಂಜಕ, ಸತು ಮುಂತಾದ ಲವಣಾಂಶಗಳನ್ನು ತಂದು ಗಿಡಕ್ಕೆ ಒಪ್ಪಿಸುತ್ತದೆ. ಎರೆಭೂಮಿಯಲ್ಲಿ ಈ ವಿನಿಮಯಕ್ಕೆ ವಿಶೇಷವಾದ ಬೆಲೆಯುಂಟು. ಇಲ್ಲಿಯ ಮಣ್ಣು ಸುಣ್ಣದಿಂದ ಕೂಡಿದ್ದು ಕ್ಷಾರಗುಣವುಳ್ಳದ್ದು. ಹಾಕಿದ ರಂಜಕದ ಬಹುಭಾಗ ಸುಣ್ಣದೊಡನೆ ಬೆರೆತು ಗಿಡದ ಕೈಗೆ ಸಿಕ್ಕದಂತೆ ಗಟ್ಟಿಯಾಗಿ ಕೂತುಬಿಡುತ್ತದೆ. ರಂಜಕವು ನೀರಿನೊಡನೆ ಹರಿದು ಬರುವ ವಸ್ತುವೂ ಅಲ್ಲ. ಬೇರೇ ಅದರ ಬಳಿಗೆ ಹೋಗಬೇಕು. ಬೇರಿನ ಸುತ್ತ ಒಂದೆರಡು ಮಿಲಿಮೀಟರಿನಷ್ಟು ದೂರದಲ್ಲಿದ್ದುದು ಬೇಗನೆ ತೀರಿಹೋಗುತ್ತದೆ. ಆಗ ಶಿಲೀಂಧ್ರದ ಎಳೆಗಳು ಈ ಬರಡು ವಲಯವನ್ನು ದಾಟಿ ಹಲವು ಸೆಂಟಿಮೀಟರುಗಳಾಚೆಗೆ ಚಾಚಿ ಅಲ್ಲಿಂದ ತರುತ್ತವೆ. ಎಳೆಯ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಬೇರಿನ ರೋಮವೂ ನುಸುಳಲಾರದ ಜಿಗುಟು ಎರೆಯ ಸಂದಿನಲ್ಲಿ ಅದು ನುಸುಳಬಲ್ಲುದು.

ಕರ್ನಾಟಕದಲ್ಲಿ ಈ ವಿಷಯದ ಅಧ್ಯಯನ ತಡವಾಗಿ ಆರಂಭವಾದರೂ ಹಿಂದುಳಿಯಲಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ 1970ರ ದಶಕದಿಂದ ಡಿ. ಜೆ. ಭಾಗ್ಯರಾಜ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಪ್ರಯೋಗಗಳು ದೇಶವಿದೇಶಗಳಲ್ಲಿ ಮನ್ನಣೆ ಪಡೆದವು. ಮೆಣಸಿನಕಾಯಿಯ ಸಸಿಮಡಿಯಲ್ಲಿಯೇ ಈ ಶಿಲೀಂಧ್ರವನ್ನು ಬೆರೆಸಿ, ಅನಂತರ ಸಸಿಗಳನ್ನು ಹೊಲಕ್ಕೆ ನಾಟಿಮಾಡಿದರೆ ಬೆಳೆ ಹೆಚ್ಚುವುದೆಂದೂ, ರಂಜಕದ ಗೊಬ್ಬರದಲ್ಲಿ ಉಳಿತಾಯ ಮಾಡಬಹುದೆಂದೂ ಅವರು 1982ರಲ್ಲಿ ಪ್ರಕಟಿಸಿದರು. ಶಿಲೀಂಧ್ರದ ಒಂದು ಪ್ರಭೇದಕ್ಕೆ ಅವರ ಹೆಸರನ್ನೇ ಇಡಲಾಗಿದೆ. ಸಸಿಮಡಿಗೆ ಬೆರೆಸುವುದೇನೋ ಸುಲಭ. ಆದರೆ ಎಕರೆಗಟ್ಟಲೆ ಹರಡಿದ ಒಣಹೊಲದ ಜೋಳಕ್ಕೆ ಬೆರೆಸುವವರಾರು? ಅಲ್ಲಿ ಮಣ್ಣಿನಲ್ಲಿ ಮೊದಲೇ ಇರುವ ಸಂತತಿಯನ್ನೇ ನೆಚ್ಚಬೇಕು.

ಇಲ್ಲಿಯೇ ತೊಡಕು ಇರುವುದು. ಈ ಶಿಲೀಂಧ್ರವು ತಾನಾಗಿ ಬದುಕಲಾರದು. ಕೊಳೆತ ಎಲೆಯನ್ನೋ ಸಗಣಿಯನ್ನೋ ತಿಂದು ಬೆಳೆಯುವ ಅಣಬೆಯ ಶಕ್ತಿ ಇದಕ್ಕಿಲ್ಲ. ಜೀವಂತ ಬೇರು ಸಿಕ್ಕಿದರೆ ಉಂಟು, ಇಲ್ಲವಾದರೆ ಇಲ್ಲ. ವಿಜಯಪುರದ ಹಿಂಗಾರಿ ಹೊಲದಲ್ಲಾದರೋ ಮಾಘ ಫಾಲ್ಗುಣಗಳಲ್ಲಿ ಜೋಳ ಕಿತ್ತಮೇಲೆ ಮತ್ತೆ ಬಿತ್ತುವುದು ಭಾದ್ರಪದ ಆಶ್ವಯುಜಗಳಲ್ಲಿ. ನಡುವಣ ಆರೇಳು ತಿಂಗಳು ಹೊಲ ಬರಿದು. ಮುಂಗಾರಿನ ಮಳೆ ಬಿದ್ದು ಕಸ ಹುಟ್ಟಿದರೆ, ತೇವ ಉಳಿಯಲೆಂದು ರೈತನು ಕುಂಟೆ ಹೊಡೆದು ಹರಗುತ್ತಾನೆ. ಅದು ಸರಿಯಾದ ಕ್ರಮವೇ ಹೌದು. ಆದರೆ ಆ ಹದದಲ್ಲಿ ಎಚ್ಚತ್ತು ಮೊಳೆತ ಶಿಲೀಂಧ್ರದ ಬೀಜಕಣಗಳಿಗೆ ಹಿಡಿದುಕೊಳ್ಳಲು ಬೇರು ಸಿಕ್ಕುವುದಿಲ್ಲ. ಅವು ತಮ್ಮ ಬುತ್ತಿಯನ್ನು ತಾವೇ ಉಂಡು ಮುಗಿಸಿ ಬಡವಾಗುತ್ತವೆ. ಕುಂಟೆಯ ಕುಡ ಹಾದುಹೋದಾಗಲೆಲ್ಲ ಮಣ್ಣಿನಲ್ಲಿ ಉಳಿದಿದ್ದ ಎಳೆಗಳ ಬಲೆಯೂ ಹರಿಯುತ್ತದೆ.

ಬರಿದಾದ ಕಪ್ಪುಹೊಲದಲ್ಲಿ ಇದು ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಆಸ್ಟ್ರೇಲಿಯದ ಉದಾಹರಣೆಯುಂಟು. ಅಲ್ಲಿಯ ಕ್ವೀನ್ಸ್‌ಲೆಂಡ್ ಪ್ರಾಂತದಲ್ಲಿ ಡೋಣಿ ತೀರದ ಎರೆಯನ್ನು ಹೋಲುವ ಕಪ್ಪು ಮಣ್ಣಿದೆ. ಜೋಳ, ಸೂರ್ಯಕಾಂತಿಗಳೂ ಬೆಳೆಯುತ್ತವೆ. ವರ್ಷಕ್ಕೂ ಮಿಕ್ಕಿ ಬೀಳುಬಿಟ್ಟು ತೇವವನ್ನು ಕೂಡಿಹಾಕಿದ ಹೊಲಗಳಲ್ಲಿ ಬೆಳೆ ಚೆನ್ನಾಗಿ ಬರಬೇಕಾಗಿತ್ತು. ಬದಲಾಗಿ ಪೈರು ಕುಳ್ಳಾಗಿ, ರಂಜಕವಿಲ್ಲದೆ ಸೊರಗುತ್ತಿತ್ತು. ರೈತರಿಗೆ ಇದು ಬಹುಕಾಲ ಒಗಟಾಗಿತ್ತು. 1987ರಲ್ಲಿ ಜೆ. ಪಿ. ಥಾಂಪ್ಸನ್ ಎಂಬ ವಿಜ್ಞಾನಿ ಅದರ ಕಾರಣವನ್ನು ತೋರಿಸಿಕೊಟ್ಟನು: ದೀರ್ಘಕಾಲ ಬೇರಿಲ್ಲದೆ ಮಣ್ಣಿನ ಮೈಕೊರೈಜಾ ಕ್ಷೀಣಿಸಿಹೋಗಿತ್ತು. ವಿಜಯಪುರದ ಬೀಳು ಅಷ್ಟು ದೀರ್ಘವಾದುದಲ್ಲ. ಇಲ್ಲಿಯ ಬೇಸಗೆಯ ಒಣಮಣ್ಣಿನಲ್ಲಿ ಬೀಜಕಣಗಳು ನಿದ್ರಿಸುತ್ತ ಉಳಿಯಲೂ ಬಲ್ಲವು. ಆದುದರಿಂದ ಪೂರ್ಣನಾಶವೆಂದು ಹೆದರಬೇಕಾಗಿಲ್ಲ. ಆದರೆ ವರ್ಷವರ್ಷವೂ ಸವೆತವೆಂಬುದು ಇದ್ದೇ ಇದೆ.

ಬದುವಿನ ಗಿಡಗಳ ಮಹತ್ವ ಇಲ್ಲಿ ತಿಳಿಯುತ್ತದೆ. ಮನೆಯಲ್ಲಿ ಮೊಸರು ಖರ್ಚಾಗುವಾಗ ಗೃಹಿಣಿಯು ಒಂದು ಚಮಚೆಯಷ್ಟನ್ನು ನಾಳಿನ ಹೆಪ್ಪಿಗೆಂದು ತೆಗೆದಿಡುತ್ತಾಳೆ. ಬೇವಿನ, ಬಾರಿಯ, ಲಕ್ಕಿಯ ಬೇರು ಚೈತ್ರದ ಬಿಸಿಲಿನಲ್ಲೂ ಜೀವಂತವಾಗಿರುತ್ತದೆ. ಅದನ್ನು ಹಿಡಿದುಕೊಂಡು ಶಿಲೀಂಧ್ರವೂ ಜೀವಂತವಾಗಿರುತ್ತದೆ. ರಂಟೆ ತಾಕದ ನೆಲವಾದುದರಿಂದ ಅದರ ಬಲೆ ಹರಿದಿರುವುದಿಲ್ಲ. ಹೊಲದ ಹಾಲಿಗೆ ಬದುವೇ ಹೆಪ್ಪು. ಮಳೆ ಬಿದ್ದು ನೆಲ ಹದವಾದಾಗ ಈ ಹೆಪ್ಪು ಹಲವು ದಾರಿಗಳಲ್ಲಿ ಹೊಲಕ್ಕೆ ಇಳಿಯುತ್ತದೆ. ಎಳೆಗಳು ತಾವೇ ಬೇರಿನಿಂದ ಬೇರಿಗೆ ದಾಟುತ್ತವೆ. ಎರೆಹುಳು, ಇರುವೆ, ಇಲಿಗಳು ಬೀಜಕಣಗಳನ್ನು ಮಣ್ಣಿನೊಡನೆ ಸಾಗಿಸುತ್ತವೆ. ಹರಿಯುವ ನೀರು, ಬೀಸುವ ಗಾಳಿ, ಕುಂಟೆಗೆ ಮೆತ್ತಿದ ಮಣ್ಣು ಕೂಡ ಒಯ್ಯುತ್ತವೆ. ನಡಿಗೆ ನಿಧಾನವಾದುದು. ಹತ್ತೆಕರೆಯ ಹೊಲಕ್ಕೆ ನಾಲ್ಕು ಅಂಚಿನ ಬದು ಮಾತ್ರವಿದ್ದರೆ ನಡುಹೊಲ ಬಹುಕಾಲ ಕಾಯಬೇಕಾದೀತು. ಅಲ್ಲದೆ ಮರದ ಬೇರಿನಲ್ಲಿರುವ ಎಲ್ಲ ಪ್ರಭೇದಗಳೂ ಜೋಳದ ಬೇರಿಗೆ ಒಗ್ಗುವವೆಂದು ಹೇಳಲಾಗದು. ಮರದ ಕೆಳಗಿನ ಕರಿಕೆಯ ಬೇರೂ ಬೇಕೆನ್ನುವುದು ಈ ಕಾರಣದಿಂದಲೇ. ಅದು ಜೋಳದಂತೆಯೇ ಹುಲ್ಲಿನ ಕುಲದ್ದು.

ಕತ್ತಲೆಯಲ್ಲಿ ಬೇರು ಮತ್ತು ಶಿಲೀಂಧ್ರ ಒಂದನ್ನೊಂದು ಗುರುತಿಸುವ ಬಗೆ ಬಹುಕಾಲ ತಿಳಿದಿರಲಿಲ್ಲ. ಜೋಳದ ಹೊಲದಲ್ಲಿ ಸ್ಟ್ರೈಗಾ ಎಂಬ ಕಳೆಯೊಂದು ಹುಟ್ಟುವುದುಂಟು. ಜೋಳದ ಬೇರಿಗೆ ಅಂಟಿಕೊಂಡು ಅದರ ಸತ್ತ್ವವನ್ನು ಹೀರಿ ಬದುಕುವ ಕಳೆ ಅದು. ಅದರ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು, ಬೇರು ಹತ್ತಿರ ಬಂದಾಗ ಮಾತ್ರ ಮೊಳೆಯುತ್ತದೆ. ಬೇರು ಸೂಸುವ ಒಂದು ರಸವೇ ಇದಕ್ಕೆ ಕಾರಣವೆಂದು 1966ರಲ್ಲಿ ತಿಳಿದುಬಂದಿತು. ಅದನ್ನು ಮೊದಲು ಬೇರ್ಪಡಿಸಿದ್ದು ಹತ್ತಿಯ ಬೇರಿನಿಂದ. ತನ್ನ ವೈರಿಯನ್ನು ತಾನೇ ಕರೆಯುವ ಇಂಥ ರಸವನ್ನು ಗಿಡವೇಕೆ ಸೂಸುತ್ತದೆ? ಉತ್ತರ ಸಿಕ್ಕಿದ್ದು 2005ರಲ್ಲಿ. ಜಪಾನಿನ ಅಕಿಯಾಮ ಮತ್ತು ಅವರ ಸಂಗಡಿಗರು, ಆ ರಸ ತಾಕಿದೊಡನೆ ಮೈಕೊರೈಜಾದ ಎಳೆಯು ಸಂಭ್ರಮದಿಂದ ಕವಲೊಡೆಯುವುದನ್ನು ತೋರಿಸಿದರು. ಗಿಡ ಕರೆಯುತ್ತಿದ್ದುದು ಮಿತ್ರನನ್ನು. ಆ ಕರೆಯನ್ನು ಕದ್ದು ಕೇಳಿಸಿಕೊಂಡದ್ದು ಕಳ್ಳ.

ಬದುವಿನ ಕೆಳಗೆ ವಾಸಿಸುವುದು ಶಿಲೀಂಧ್ರವೊಂದೇ ಅಲ್ಲ. ಉದುರಿದ ಎಲೆಯನ್ನು ಕತ್ತರಿಸುವ ಗೆದ್ದಲು, ಕಣ್ಣಿಗೆ ಕಾಣದ ನುಸಿಗಳು, ಶಿಲೀಂಧ್ರದ ಎಳೆಯನ್ನೇ ಮೇಯುವ ರೆಕ್ಕೆಯಿಲ್ಲದ ಪುಟ್ಟ ಕೀಟಗಳು, ಅವುಗಳನ್ನು ಹಿಡಿದು ತಿನ್ನುವ ಜೇಡಗಳು, ಹೊಂಗೆಯ ಬೇರುಗಂಟಿನಲ್ಲಿ ಸಾರಜನಕವನ್ನು ಕೂಡಿಡುವ ಅಣುಜೀವಿಗಳು, ಇವೆಲ್ಲ ಅಲ್ಲಿಯ ಪ್ರಜೆಗಳು. ಎಳೆಗಳು ಮಣ್ಣಿನ ಕಣಗಳನ್ನು ಜೊಂಡಿನಂತೆ ಹೆಣೆದು ಹಿಡಿಯುತ್ತವೆ. 1996ರಲ್ಲಿ ಅಮೆರಿಕದ ಸಾರಾ ರೈಟ್ ಎಂಬ ವಿಜ್ಞಾನಿ ಮಣ್ಣಿನಲ್ಲಿ ಗ್ಲೊಮಾಲಿನ್ ಎಂಬ ಅಂಟುವಸ್ತುವನ್ನು ಗುರುತಿಸಿದರು. ಅದೆಲ್ಲವೂ ಶಿಲೀಂಧ್ರದಿಂದಲೇ ಬಂದುದೋ ಎಂಬುದರಲ್ಲಿ ಪಂಡಿತರಿಗೆ ಭಿನ್ನಾಭಿಪ್ರಾಯವಿದೆ. ಎಳೆಗಳಿರುವಲ್ಲಿ ಮಣ್ಣು ಹರಳುಗಟ್ಟಿ ನಿಲ್ಲುವುದೆಂಬುದರಲ್ಲಿ ಮಾತ್ರ ಯಾರಿಗೂ ಸಂದೇಹವಿಲ್ಲ. ಇಂಗ್ಲೆಂಡಿನಲ್ಲಿ ಎರಡನೆಯ ಮಹಾಯುದ್ಧದ ನಂತರ ಸಾವಿರಾರು ಮೈಲಿಗಳ ಜೀವಂತ ಬೇಲಿಗಳನ್ನು ಕಿತ್ತು ಹೊಲಗಳನ್ನು ಹಿಗ್ಗಿಸಿದರು. ಈಗ ಅಲ್ಲಿ ಮತ್ತೆ ಬೇಲಿ ನೆಡುವ ಕಾಲ. ಲೀಡ್ಸ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಬೇಲಿಯ ಬುಡದ ಮಣ್ಣು ಪಕ್ಕದ ಹೊಲದ ಮಣ್ಣಿಗಿಂತ ಹಗುರ. ಅದರಲ್ಲಿ ಸಾವಯವ ಅಂಶ ಹೆಚ್ಚು, ನೀರು ಬೇಗ ಇಂಗುತ್ತದೆ, ಶಿಲೀಂಧ್ರಗಳ ಸಮೂಹವೂ ಬೇರೆಯೇ.

ಇಷ್ಟೆಲ್ಲ ಕೇಳಿದ ಮೇಲೂ ಬಬಲೇಶ್ವರ ಕಡೆಯ ಅನುಭವಿ ರೈತನೊಬ್ಬನು ತಲೆಯಾಡಿಸದೆ ಇರಬಹುದು. "ಗಿಡದ ಬುಡಕ ಜೋಳ ಏಳೂದಿಲ್ಲ" ಎಂಬ ಅವನ ಮಾತು ಪುಸ್ತಕದಿಂದ ಬಂದುದಲ್ಲ, ಕಣ್ಣಾರೆ ಕಂಡುದು. ಮರದ ಬೇರು ಹೊಲದ ತೇವವನ್ನು ಹೀರುತ್ತದೆ. ನೆರಳಿನಲ್ಲಿ ತೆನೆ ಕಿರಿದಾಗುತ್ತದೆ. ಗಿಡದಲ್ಲಿ ಕೂತ ಹಕ್ಕಿ ಹಾಲುದೆನೆಯ ಮೇಲೆರಗುತ್ತದೆ. ವಿಜ್ಞಾನಿಗಳ ಪ್ರಯೋಗವೂ ಅವನ ಪಕ್ಷವನ್ನೇ ಹಿಡಿಯಿತು. ಆಫ್ರಿಕದ ಮಳೆನಾಡಿನಲ್ಲಿ ಯಶಸ್ವಿಯಾದ, ಬೆಳೆಯ ನಡುನಡುವೆ ಸುಬಾಬುಲ್ ಗಿಡಗಳ ಸಾಲು ನೆಡುವ ಪದ್ಧತಿಯನ್ನು 1980ರ ದಶಕದಲ್ಲಿ ಹೈದರಾಬಾದಿನ ಬಳಿಯ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಕೇಂದ್ರದಲ್ಲಿ ಪರೀಕ್ಷಿಸಿದಾಗ, ಗಿಡಗಳು ನೀರಿಗಾಗಿ ಬೆಳೆಯೊಡನೆ ಪೈಪೋಟಿ ನಡೆಸಿ ಇಳುವರಿಯನ್ನು ತಗ್ಗಿಸಿದವು. ಮಳೆ ಕಡಿಮೆಯಾದ ನಾಡಿನಲ್ಲಿ ನಡುಹೊಲಕ್ಕೆ ಗಿಡ ತರುವುದು ಜಾಣತನವಲ್ಲವೆಂದು ಇದರಿಂದ ಸ್ಪಷ್ಟವಾಯಿತು.

ಬದುವಿನ ವಿಚಾರ ಇದಕ್ಕಿಂತ ಬೇರೆ. ಆ ನೆಲ ಹೇಗೂ ಬಿತ್ತನೆಗೆ ಒದಗದು. ಅಲ್ಲಿ ಎತ್ತರಕ್ಕೇರಿ ಹರಡುವ ಮರಗಳನ್ನು ದೂರದೂರ ಇರಿಸಿ, ನಡುವೆ ಲಕ್ಕಿ, ತಂಗಡಿ, ಗೊಬ್ಬರದ ಗಿಡಗಳಂಥ ಗಿಡ್ಡ ಜಾತಿಗಳನ್ನು ಒತ್ತಾಗಿ ನೆಟ್ಟು, ಬುಡದಲ್ಲಿ ಕರಿಕೆಯನ್ನೋ ಲಾವಂಚವನ್ನೋ ಉಳಿಸಿಕೊಂಡರೆ ಪೈಪೋಟಿ ಬಹುಮಟ್ಟಿಗೆ ಹಿಡಿತಕ್ಕೆ ಬರುತ್ತದೆ. ಹಿಂಗಾರಿ ಬಿತ್ತನೆಗೆ ಮುಂಚೆ ಕೊಂಬೆಗಳನ್ನು ಸವರಿ ಸೊಪ್ಪನ್ನು ಹೊಲಕ್ಕೆ ಹಾಕಿದರೆ ನೆರಳೂ ಕಡಿಮೆ, ಗಿಡ ಕುಡಿಯುವ ನೀರೂ ಕಡಿಮೆ. ಬದುವಿನ ಗುಂಟ ಚಿಕ್ಕದೊಂದು ಕಾಲುವೆ ತೋಡಿದರೆ ಹೊಲದ ಕಡೆಗೆ ಹರಿದ ಮೇಲ್ಬೇರುಗಳು ತುಂಡಾಗುತ್ತವೆ. ಹೀಗೆ ಮಾಡಿದರೂ ಬದುವಿಗೆ ಹೊಂದಿದ ಒಂದೆರಡು ಸಾಲು ಜೋಳ ಗಿಡ್ಡವಾಗುವುದನ್ನು ತಪ್ಪಿಸಲಾಗದು. ಅದನ್ನು ಹೆಪ್ಪಿನ ಬೆಲೆಯೆಂದೇ ಲೆಕ್ಕಹಾಕಬೇಕು. ದ್ರಾಕ್ಷಿತೋಟದ ಅಂಚಿನ ಬೇಲಿಗೆ ಇನ್ನೊಂದು ಎಚ್ಚರಿಕೆ ಬೇಕು. ಮೈಲುತುತ್ತ ಸುಣ್ಣಗಳ ಬೋರ್ಡೊ ದ್ರಾವಣವನ್ನು ಮತ್ತೆಮತ್ತೆ ಸಿಂಪಡಿಸಿದಲ್ಲಿ ತಾಮ್ರ ಮಣ್ಣಿನಲ್ಲಿ ಶೇಖರವಾಗುತ್ತದೆ. ಎಲೆಯ ಮೇಲಿನ ರೋಗಕ್ಕೂ ಬೇರಿನ ಸಖನಿಗೂ ತಾಮ್ರ ಭೇದವೆಣಿಸುವುದಿಲ್ಲ.

ಇವನ್ನೆಲ್ಲ ಪರೀಕ್ಷಿಸಲು ಸೂಕ್ಷ್ಮದರ್ಶಕವೇ ಬೇಕೆಂದಿಲ್ಲ. ಬೇಸಗೆಯ ರಜೆಯಲ್ಲಿ ಜಲನಗರದ ಶಾಲೆಯ ವಿದ್ಯಾರ್ಥಿಯೊಬ್ಬನು ಊರ ಹೊರಗಿನ ಹೊಲಕ್ಕೆ ಹೋಗಿ, ಒಡೆಯನ ಅಪ್ಪಣೆ ಪಡೆದು, ನಡುಹೊಲದಿಂದ ನಿಂಬೆಗಾತ್ರದ ಒಂದು ಹೆಂಟೆಯನ್ನೂ, ಹಳೆಯ ಬದುವಿನ ಗಿಡದ ಬುಡದಿಂದ ಅಷ್ಟೇ ಗಾತ್ರದ ಇನ್ನೊಂದನ್ನೂ ತರಲಿ. ಎರಡನ್ನೂ ನೆರಳಿನಲ್ಲಿ ಒಣಗಿಸಿ, ನೀರು ತುಂಬಿದ ಎರಡು ಗಾಜಿನ ಲೋಟಗಳಲ್ಲಿ ಮೆಲ್ಲಗೆ ಇಳಿಬಿಡಲಿ. ಸಾಮಾನ್ಯವಾಗಿ ನಡುಹೊಲದ ಹೆಂಟೆ ಗುಳ್ಳೆಗಳನ್ನು ಉಗುಳುತ್ತ ಕೆಲವೇ ನಿಮಿಷಗಳಲ್ಲಿ ಕುಸಿದು ರಾಡಿಯಾಗುತ್ತದೆ. ನೀರು ಕಪ್ಪಾಗಿ ಲೋಟದ ಆಚೆಯ ಬೆರಳೂ ಕಾಣದಂತಾಗುತ್ತದೆ. ಬದುವಿನ ಹೆಂಟೆ ಅಂಚಿನಲ್ಲಿ ಸ್ವಲ್ಪ ಉದುರಿದರೂ ಆಕಾರ ಬಿಡದೆ ತಳದಲ್ಲಿ ಕೂತಿರುತ್ತದೆ. ಆ ತಿಳಿನೀರಿನಲ್ಲಿ ಅದನ್ನು ಎರಡು ಬೆರಳಿನಿಂದ ಮೆಲ್ಲಗೆ ಬಿಡಿಸಿದಾಗ, ಕೂದಲಿಗಿಂತ ತೆಳುವಾದ ಬೇರುಗಳ ತುದಿಯಲ್ಲಿ ಮಣ್ಣಿನ ಹರಳುಗಳು ಇನ್ನೂ ತೂಗಾಡುತ್ತಿರುವುದನ್ನು ಕಾಣಬಹುದು.